ನಟ ಪೃಥ್ವೀರಾಜ ಕಪೂರರೂ ಅವರ ಮಕ್ಕಳೂ

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಬಡಗಿಯ ಮಗ ಉಳಿ ಹಿಡಿದರೆ, ನೇಕಾರನ ಮಗ ಮಗ್ಗದ ಮುಂದೆ ಕುಳಿತರೆ ಲೋಕ ಅದನ್ನು ಸಹಜವೆಂದು ಒಪ್ಪುತ್ತದೆ. ಹೆಸರಾಂತ ನಟನ ಮಗ ನಟನಾದರೆ ಮಾತ್ರ ಜನ ಮೂಗು ಮುರಿಯುತ್ತಾರೆ. ಇದರಲ್ಲಿ ಅಸೂಯೆಯ ಪಾಲು ಇರಬಹುದು. ನ್ಯಾಯದ ಪಾಲೂ ಇದೆ. ಒಂದೂರಿನಲ್ಲಿ ನೂರು ಮಗ್ಗಗಳಿರಬಹುದು, ಚಲಚ್ಚಿತ್ರದಲ್ಲಿ ನಾಯಕನ ಪಾತ್ರ ಒಂದೇ. ಅದು ಒಬ್ಬನಿಗೆ ಹುಟ್ಟಿನ ಬಲದಿಂದಲೇ ದೊರೆತರೆ, ಬಾಗಿಲ ಹೊರಗೆ ಕಾದು ನಿಂತ ಎಷ್ಟೋ ಮಂದಿಗೆ ತಪ್ಪಿಹೋಗುತ್ತದೆ. ಹಿಂದೀ ಚಿತ್ರರಂಗದ ಬಹು ದೊಡ್ಡ ಮನೆತನವೊಂದರ ಮೂಲಪುರುಷರಾದ ಪೃಥ್ವೀರಾಜ ಕಪೂರರ ಜೀವನ ಈ ಪ್ರಶ್ನೆಯ ಎರಡು ಮುಖಗಳನ್ನೂ ತೋರಿಸುತ್ತದೆ.

ಪೃಥ್ವೀರಾಜರು ಹುಟ್ಟಿದುದು 1906ರ ನವೆಂಬರ್ 3ರಂದು, ಈಗ ಪಾಕಿಸ್ತಾನದಲ್ಲಿರುವ ಸಮುಂದ್ರಿ ಎಂಬ ಊರಿನಲ್ಲಿ. ತಂದೆ ಬಶೇಶ್ವರನಾಥರು ಪೊಲೀಸ್ ಇಲಾಖೆಯಲ್ಲಿದ್ದವರು, ಅಜ್ಜ ತಹಸೀಲ್ದಾರರು. ಮಗು ಮೂರು ವರ್ಷದ್ದಾಗಿದ್ದಾಗಲೇ ತಾಯಿ ತೀರಿಕೊಂಡರು. ಪೆಷಾವರದ ಎಡ್ವರ್ಡ್ಸ್ ಕಾಲೇಜಿನಲ್ಲಿ ಓದುವಾಗ ನಾಟಕದ ಗೀಳು ಹತ್ತಿತು. ಆ ಸೀಮೆಯ ಗೌರವಸ್ಥ ಮನೆತನಗಳಲ್ಲಿ ಬಣ್ಣ ಹಚ್ಚುವುದೆಂದರೆ ಕೀಳು ಕೆಲಸ. ಕಾನೂನು ಓದಲು ಸೇರಿದ್ದ ಯುವಕ ಓದನ್ನು ನಡುವೆಯೇ ಬಿಟ್ಟು, ಹೆಂಡತಿ ಮಕ್ಕಳನ್ನು ಊರಿನಲ್ಲಿರಿಸಿ, ಬಂಧುಗಳಿಂದ ಸಾಲ ಪಡೆದು 1928ರಲ್ಲಿ ಮುಂಬಯಿಯ ರೈಲು ಹತ್ತಿದರು.

ಮುಂಬಯಿಯಲ್ಲಿ ಅವರಿಗಾಗಿ ಶಿಫಾರಸು ಮಾಡುವವರು ಯಾರೂ ಇರಲಿಲ್ಲ. ಇಂಪೀರಿಯಲ್ ಕಂಪೆನಿಯಲ್ಲಿ ಗುಂಪಿನೊಳಗೆ ನಿಲ್ಲುವ ಎಕ್ಸ್‌ಟ್ರಾ ನಟನಾಗಿ ಸೇರಿದರು. ಎತ್ತರದ ನಿಲುವು, ಗಂಭೀರವಾದ ಕಂಠ ಅವರನ್ನು ಬೇಗನೆ ಮುಂದಕ್ಕೆ ತಂದವು. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ 1931ರಲ್ಲಿ ತೆರೆಗೆ ಬಂದಾಗ ಅದರಲ್ಲಿ ಅವರೂ ಇದ್ದರು. ಆಮೇಲೆ ಕಲ್ಕತ್ತೆಯಲ್ಲಿ ಕೆಲವು ವರ್ಷ ದುಡಿದು ಮತ್ತೆ ಮುಂಬಯಿಗೆ ಮರಳಿದರು. 1941ರಲ್ಲಿ ಸೊಹ್ರಾಬ್ ಮೋದಿಯವರ ‘ಸಿಕಂದರ್’ ಚಿತ್ರದಲ್ಲಿ ಅಲೆಕ್ಸಾಂಡರನಾದಾಗ ಅವರ ಹೆಸರು ದೇಶದಲ್ಲೆಲ್ಲ ಹರಡಿತು.

ಇಷ್ಟಾದ ಮೇಲೆ ಸುಖವಾಗಿ ಕುಳಿತು ಉಣ್ಣಬಹುದಾಗಿತ್ತು. ಅವರಾದರೋ 1944ರಲ್ಲಿ ‘ಪೃಥ್ವಿ ಥಿಯೇಟರ್ಸ್’ ಎಂಬ ನಾಟಕ ಮಂಡಳಿಯನ್ನು ಕಟ್ಟಿ, ಸಿನಿಮಾದಲ್ಲಿ ಗಳಿಸಿದುದನ್ನು ಅದಕ್ಕೆ ಸುರಿದರು. ‘ಶಾಕುಂತಲ’ದಿಂದ ಆರಂಭವಾಗಿ ‘ದೀವಾರ್’, ‘ಪಠಾಣ್’, ‘ಗದ್ದಾರ್’ ಮೊದಲಾದ ನಾಟಕಗಳು ಬಂದವು. ಮನೆಯೊಂದು ಗೋಡೆಯೆದ್ದು ಇಬ್ಭಾಗವಾಗುವ ಕಥೆಯ ‘ದೀವಾರ್’ ರಂಗಕ್ಕೆ ಬಂದುದು 1945ರಲ್ಲಿ, ದೇಶ ಒಡೆಯುವುದಕ್ಕೆ ಎರಡು ವರ್ಷ ಮೊದಲು! ಮಂಡಳಿ ಊರೂರು ತಿರುಗಿ ಹದಿನಾರು ವರ್ಷಗಳಲ್ಲಿ 2,662 ಪ್ರಯೋಗಗಳನ್ನು ನಡೆಸಿತು. ಆಟ ಮುಗಿದ ಮೇಲೆ ಪೃಥ್ವೀರಾಜರು ಬಾಗಿಲಲ್ಲಿ ತಲೆ ತಗ್ಗಿಸಿ, ಜೋಳಿಗೆಯೊಡ್ಡಿ ನಿಲ್ಲುತ್ತಿದ್ದರು. ಜನ ಹಾಕಿದ ಕಾಸು ಕಷ್ಟದಲ್ಲಿದ್ದವರ ನೆರವಿಗೆ ಹೋಗುತ್ತಿತ್ತು. ಸಿಕಂದರನ ವೇಷ ಹಾಕಿದವರೇ ಭಿಕ್ಷುಕನಂತೆ ನಿಂತುದನ್ನು ಕಂಡ ಜನಕ್ಕೆ ಹೇಗನಿಸಿರಬೇಕು!

ಇನ್ನು ಅವರ ಮಕ್ಕಳ ಮಾತು. ಹಿರಿಯ ಮಗ ರಾಜ್ ಕಪೂರ್ 1924ರಲ್ಲಿ ಪೆಷಾವರದಲ್ಲಿ ಹುಟ್ಟಿದವನು. ಮೆಟ್ರಿಕ್ ಪರೀಕ್ಷೆಯಲ್ಲಿ ನಪಾಸಾಗಿ, ತನಗೆ ಸಿನಿಮಾವೇ ಸಾಕೆಂದು ತಂದೆಯ ಮುಂದೆ ನಿಂತ. ಅಷ್ಟು ಪ್ರಸಿದ್ಧರಾದ ತಂದೆ ಅವನಿಗೊಂದು ಪಾತ್ರ ಕೊಡಿಸುವುದು ಕಷ್ಟವಾಗಿರಲಿಲ್ಲ. ಅವರು ಮಗನನ್ನು ಹಳೆಯ ಸ್ನೇಹಿತರಾದ ನಿರ್ದೇಶಕ ಕೇದಾರ ಶರ್ಮರ ಬಳಿಗೆ, ಕ್ಲ್ಯಾಪ್ ಹಲಗೆ ಹಿಡಿಯುವ ಹುಡುಗನಾಗಿ ಕಳುಹಿಸಿದರು. ಒಂದು ದಿನ ಹುಡುಗ ಕ್ಯಾಮರಾದ ಮುಂದೆ ತಲೆ ಬಾಚಿಕೊಳ್ಳುವುದರಲ್ಲಿ ಮೈಮರೆತು ಹಲಗೆ ಬಡಿದಾಗ, ನಟರೊಬ್ಬರ ಅಂಟಿಸಿದ ಗಡ್ಡ ಅದರಲ್ಲಿ ಸಿಕ್ಕಿಕೊಂಡು ಕಿತ್ತು ಬಂತಂತೆ. ಶರ್ಮರು ಎಲ್ಲರ ಎದುರಿಗೆ ಕಪಾಳಕ್ಕೆ ಹೊಡೆದರು. ಅದೇ ಶರ್ಮರು 1947ರ ‘ನೀಲ್ ಕಮಲ್’ ಚಿತ್ರದಲ್ಲಿ ಅವನನ್ನು ನಾಯಕನನ್ನಾಗಿ ಮಾಡಿದರು.

ಎರಡನೆಯ ಮಗ ಶಮ್ಮಿ 1948ರಲ್ಲಿ ತಂದೆಯ ಮಂಡಳಿಗೆ ಸೇರಿದಾಗ ಸಂಬಳ ತಿಂಗಳಿಗೆ 50 ರೂಪಾಯಿ. ನಾಲ್ಕು ವರ್ಷದ ದುಡಿಮೆಯ ಮೇಲೆ ಅದು 300 ರೂಪಾಯಿಯಾಯಿತು. ಆಮೇಲೆ ಸಿನಿಮಾಕ್ಕೆ ಹೋದರೂ ಸಾಲುಸಾಲಾಗಿ ಸೋಲನ್ನೇ ಕಂಡು, 1957ರ ‘ತುಮ್ಸಾ ನಹೀ ದೇಖಾ’ದಲ್ಲಿ ಮಾತ್ರ ಗೆದ್ದ. ಕಿರಿಯ ಶಶಿಯೂ ಇದೇ ಮಂಡಳಿಯಲ್ಲಿ ಬೆಳೆದ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಕ್ಲ್ಯಾಪ್ ಹಲಗೆ ಹಿಡಿಯುವ ಕೆಲಸವೂ ತಂದೆಯ ಮಾತಿನಿಂದಲೇ ದೊರೆತುದು. ಪರೀಕ್ಷೆಯಲ್ಲಿ ನಪಾಸಾದ ಬೇರೆ ಹುಡುಗನಿಗೆ ಆ ಏಟು ತಿನ್ನುವ ಅವಕಾಶವಾದರೂ ಎಲ್ಲಿತ್ತು? ಸಾಲು ಸಾಲಾಗಿ ಚಿತ್ರಗಳು ಬಿದ್ದ ಮೇಲೂ ಇನ್ನೊಂದು ಚಿತ್ರ ಸಿಗಬೇಕಾದರೆ ಹೆಸರಿನ ಹಿಂದೆ ಕಪೂರ್ ಎಂದಿರಬೇಕು. ಮಕ್ಕಳನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಿದುದು ದೊಡ್ಡತನ ನಿಜ. ಆದರೆ ಸಾಲು ಎಲ್ಲಿದೆಯೆಂಬುದೇ ಗೊತ್ತಿಲ್ಲದವರು ಎಷ್ಟೋ ಮಂದಿ.

ಆದರೂ ನಾನು ಪೃಥ್ವೀರಾಜರನ್ನು ಗೌರವಿಸುವುದು ಇನ್ನೊಂದು ಕಾರಣಕ್ಕೆ. ಅವರ ಮಂಡಳಿಯ ಬಾಗಿಲು ಮಕ್ಕಳಿಗೆ ಮಾತ್ರ ತೆರೆದಿರಲಿಲ್ಲ. ಹೈದರಾಬಾದಿನಲ್ಲಿ ಬೆಳೆದ ಶಂಕರ್ ಅಲ್ಲಿ ತಬಲಾ ಬಾರಿಸುತ್ತಿದ್ದರು; ಗುಜರಾತಿನಿಂದ ಬಂದ ಜೈಕಿಷನ್ ಹಾರ್ಮೋನಿಯಂ ನುಡಿಸುತ್ತಿದ್ದರು. ಮುಂದೆ ‘ಬರ್ಸಾತ್’ ಚಿತ್ರದಿಂದ ದೇಶವೇ ತಲೆದೂಗಿದ ಜೋಡಿ ಅದು. ಜೊಹ್ರಾ ಸೆಹಗಲ್ ಅಲ್ಲಿ ಹದಿನಾಲ್ಕು ವರ್ಷ ದುಡಿದರು. ಮಗ ಕಲಿತ ಶಾಲೆಯಲ್ಲಿಯೇ ಪರರ ಮಕ್ಕಳೂ ಕಲಿತರು.

1951ರ ‘ಆವಾರಾ’ ಚಿತ್ರವನ್ನು ನೋಡಿದವರಿಗೆ ಈ ಪ್ರಶ್ನೆ ಇನ್ನೂ ಸ್ಪಷ್ಟವಾದೀತು. ಸಜ್ಜನನ ಮಗ ಸಜ್ಜನ, ಕಳ್ಳನ ಮಗ ಕಳ್ಳ ಎಂದು ನಂಬಿದ ನ್ಯಾಯಾಧೀಶನೊಬ್ಬ ಅದರಲ್ಲಿದ್ದಾನೆ. ಅವನ ಸ್ವಂತ ಮಗನೇ ಬೀದಿಯಲ್ಲಿ ಬೆಳೆದು ಕಳ್ಳನಾಗಿ ನ್ಯಾಯಾಲಯದಲ್ಲಿ ನಿಲ್ಲುತ್ತಾನೆ. ಹುಟ್ಟು ಮನುಷ್ಯನನ್ನು ನಿರ್ಣಯಿಸುವುದಿಲ್ಲವೆಂಬುದೇ ಚಿತ್ರದ ಸಾರ. ಆದರೆ ಆ ತಂದೆಯಾಗಿ ಪೃಥ್ವೀರಾಜರು, ಮಗನಾಗಿ ರಾಜ್, ಅವನ ಬಾಲ್ಯದ ಪಾತ್ರದಲ್ಲಿ ಶಶಿ! ಸಾಲದ್ದಕ್ಕೆ ಮತ್ತೊಬ್ಬ ನ್ಯಾಯಾಧೀಶನ ಪೀಠದಲ್ಲಿ ವೃದ್ಧ ಬಶೇಶ್ವರನಾಥರು! ಹುಟ್ಟು ಮುಖ್ಯವಲ್ಲವೆಂದು ಹೇಳಲು ಒಂದೇ ಮನೆಯ ಮೂರು ತಲೆಮಾರು ಬೇಕಾಯಿತು. ನಕ್ಕುಬಿಡಬಹುದಾದ ಸಂಗತಿಯೆ ಇದು? ಚಿತ್ರ ಸುಳ್ಳಾಗುವುದಿಲ್ಲ, ಅದರ ಮಾತನ್ನು ಬಾಳಿನಲ್ಲಿ ನಡೆಸುವುದು ಎಷ್ಟು ಕಷ್ಟವೆಂಬುದು ಮಾತ್ರ ತಿಳಿಯುತ್ತದೆ.

ಧ್ವನಿ ಕೆಟ್ಟು ಆರೋಗ್ಯ ಕುಸಿದುದರಿಂದ 1960ರಲ್ಲಿ ಮಂಡಳಿ ಮುಚ್ಚಿತು. ಅದೇ ವರ್ಷ ‘ಮೊಘಲ್-ಎ-ಆಜಂ’ನಲ್ಲಿ ಅವರು ಅಕ್ಬರನಾದರು. ಕನ್ನಡಿಗರಿಗೂ ಅವರ ಋಣವಿದೆ. ಪುಟ್ಟಣ್ಣ ಕಣಗಾಲರ ‘ಸಾಕ್ಷಾತ್ಕಾರ’ದಲ್ಲಿ, 1971ರಲ್ಲಿ, ಅವರು ರಾಜಕುಮಾರರ ತಂದೆಯಾಗಿ ನಟಿಸಿದರು. ರಾಜಕುಮಾರರೂ ರಂಗನಟರ ಮಗನೇ. ಆದರೆ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಬಿಟ್ಟುಹೋದ ಆಸ್ತಿ ಕಂಠವೂ ಬಡತನವೂ ಮಾತ್ರ. ಅದೇ 1971ರಲ್ಲಿ ಮೊಮ್ಮಗ ರಣಧೀರ್ ನಿರ್ದೇಶಿಸಿ ನಟಿಸಿದ ಮೊದಲ ಚಿತ್ರದಲ್ಲಿ ಅಜ್ಜನೂ ತಂದೆಯೂ ಜೊತೆಗೆ ನಟಿಸಿದರು. ಆ ಹೊತ್ತಿಗೆ ಮೊಮ್ಮಗನಿಗೆ ಮನೆಯದೇ ಸ್ಟುಡಿಯೋ ಸಿದ್ಧವಾಗಿತ್ತು. ಪೃಥ್ವೀರಾಜರು 1972ರ ಮೇ 29ರಂದು ತೀರಿಕೊಂಡರು. 1971ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮರಣಾನಂತರ ಅವರಿಗೆ ಸಂದಿತು. ಶಶಿಯೂ ಅವರ ಪತ್ನಿ ಜೆನಿಫರರೂ 1978ರಲ್ಲಿ ಮುಂಬಯಿಯ ಜುಹೂವಿನಲ್ಲಿ ಪೃಥ್ವಿ ಥಿಯೇಟರನ್ನು ಕಟ್ಟಿದರು. ಮಕ್ಕಳು ತಂದೆಯ ಹೆಸರಿನಿಂದ ಪಡೆದುದನ್ನು ಊರಿಗೆ ಹಿಂದಿರುಗಿಸಿದ ಬಗೆಯೆಂದರೆ ಇದೇ. ಕಪೂರರಲ್ಲದ ಸಾವಿರಾರು ನಟರು ಆ ರಂಗವನ್ನು ಏರಿದ್ದಾರೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಬಿ.ಎ.ಗೆ ಯಾವ ವಿಷಯ ಆರಿಸಬೇಕೆಂದು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಅಪ್ಪ ತೋರಿಸಿದ ಕಡೆ ಸಹಿ ಹಾಕಿಕೊಟ್ಟರು. ಆದ್ದರಿಂದ ದೊಡ್ಡವರ ಮಕ್ಕಳ ವಿಷಯ ಬಂದಾಗ ನನಗೂ ಸಿಟ್ಟು ಬರುವುದುಂಟು. ಆದರೆ ಈ ಜೀವನವನ್ನು ಓದಿದ ಮೇಲೆ ಒಂದು ಯೋಚನೆ ಹೊಳೆಯಿತು. ನಾಳೆ ನನ್ನ ಮಗನೋ ಮಗಳೋ ಕಾಲೇಜಿಗೆ ಬರುವಾಗ ದಾರಿ ಹೇಳಲು ನಾನಿರುತ್ತೇನೆ. ನನಗಿಲ್ಲದ ಅನುಕೂಲ ಅವರಿಗಿರುತ್ತದೆ, ಅದನ್ನು ನಾನು ಕೊಡದೆ ಇರಲಾರೆ. ಯಾವ ತಂದೆ ತಾನೆ ಇರಬಲ್ಲ? ಆಗ ಪಕ್ಕದ ಮನೆಯ ಹುಡುಗನೂ ಅರ್ಜಿ ಹಿಡಿದು ಬಾಗಿಲಲ್ಲಿ ನಿಂತಿದ್ದರೆ, ಅವನನ್ನೂ ಒಳಗೆ ಕರೆದು ಕೂರಿಸುತ್ತೇನೆಯೆ? ಪೃಥ್ವೀರಾಜರು ಕರೆದರು. ನಮ್ಮಲ್ಲಿ ಎಷ್ಟು ಮಂದಿ ಕರೆಯುತ್ತೇವೆಂಬುದನ್ನು ಕಾಲವೇ ಹೇಳಬೇಕು.