ರಿಚ್‌ಮಂಡ್ ರೋಡ್‌ನ ಇನ್ನೊಂದು ಹೆಸರು

ಬೆಂಗಳೂರಿನ ರಿಚ್‌ಮಂಡ್ ರೋಡ್‌ಗೆ ಜನರಲ್ ತಿಮ್ಮಯ್ಯ ರಸ್ತೆ ಅಂತಲೂ ಹೆಸರಿದೆ. ಆಟೋದವರಿಗೆ ಹಾಗೆ ಹೇಳಿದವರನ್ನು ನಾನಂತೂ ನೋಡಿಲ್ಲ. ನಾನೂ ಹೇಳಿಲ್ಲ ಬಿಡಿ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರಲ್ಲಿ, ಮಡಿಕೇರಿಯಲ್ಲಿ. ನಾವು ಎಂಜಿನಿಯರಿಂಗ್‌ನವರು ಕೇಳಲೇಬೇಕಾದದ್ದು 1948ರ ಜೋಜಿಲಾ ಕಥೆ. ಲಡಾಖ್‌ಗೆ ಹೋಗುವ ಆ ಕಣಿವೆ ಶತ್ರುವಿನ ಕೈಲಿತ್ತು. ಎತ್ತರ ಸುಮಾರು 3,500 ಮೀಟರ್. ಅಲ್ಲಿಗೆ ಟ್ಯಾಂಕ್ ಹತ್ತಿಸೋಣ ಅಂದರು ಇವರು! ಮದ್ರಾಸ್ ಸ್ಯಾಪರ್ಸ್ (ಒಂಥರಾ ನಮ್ಮ ಸಿವಿಲ್‌ನವರೇ ಅನ್ನಿ) ಬೆಟ್ಟ ಕಡಿದು ದಾರಿ ಮಾಡಿದರು. ಸುಳಿವು ಸಿಗದಿರಲೆಂದು ಟ್ಯಾಂಕ್‌ಗಳ ಮೇಲಿನ ಗೋಪುರ ಬಿಚ್ಚಿ ಸಾಗಿಸಲಾಯಿತು. ನವೆಂಬರ್ 1ರಂದು ದಾಳಿ. ಮೇಜರ್ ಜನರಲ್ ಆಗಿದ್ದ ತಿಮ್ಮಯ್ಯ ಹಿಂದೆ ಉಳಿಯಲಿಲ್ಲ, ಮುಂಚೂಣಿಯ ಟ್ಯಾಂಕಿನಲ್ಲೇ ಕೂತು ಹೋದರು.

ಆಮೇಲೆ ಕೊರಿಯಾ, 1957ರಿಂದ 61ರವರೆಗೆ ಭೂಸೇನೆಯ ಮುಖ್ಯಸ್ಥ ಸ್ಥಾನ, ನಿವೃತ್ತಿ. ಮನೇಲಿ ಕೂರಬಹುದಿತ್ತು. ವಿಶ್ವಸಂಸ್ಥೆ ಕರೆದಾಗ ಸೈಪ್ರಸ್‌ನ ಶಾಂತಿಪಡೆ ನಡೆಸಲು ಹೊರಟರು. 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು.

ಮರುವರ್ಷ ಸೈಪ್ರಸ್ ಇವರ ಚಿತ್ರವಿರುವ ಅಂಚೆಚೀಟಿ ತಂದಿತು. ಅಲ್ಲಿನ ಜನ ಕೊಡಗಿನವರೊಬ್ಬರ ಮುಖ ಅಂಟಿಸಿ ಮನೆಗೆ ಕಾಗದ ಹಾಕಿರುತ್ತಾರೆ. ಲಾರ್ನಕಾ ಊರಲ್ಲಿ ಒಂದು ಬೀದಿಗೂ ಇವರದೇ ಹೆಸರು.

ಮುಂದಿನ ಸಲ ಆಟೋ ಹತ್ತಿದಾಗ ತಿಮ್ಮಯ್ಯ ರಸ್ತೆ ಅಂತಲೇ ಹೇಳ್ತೀನಿ. ಎಲ್ಲಿ ಅಂತ ಕೇಳಿದರೆ, ಸಿಗ್ನಲ್ ಬೀಳೋದರೊಳಗೆ ಜೋಜಿಲಾ ಕಥೆ ಮುಗಿಸಬೇಕು.