ದೈವಚಿತ್ತಕ್ಕೆ ಕೈಯಿತ್ತು ನಡೆದ ಸಂತ ಜೋಸೆಫ್ ವಾಜ್

ಧರ್ಮಕೇಂದ್ರವೊಂದು ನೂರು ವರುಷಗಳನ್ನು ಪೂರೈಸಿದಾಗ ಅದರ ಪೀಠವನ್ನೂ ಗೋಪುರವನ್ನೂ ಕಟ್ಟಿದವರನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಕಲ್ಲುಗಾರೆಯ ದೇವಾಲಯಗಳಿಗೂ ಮುಂಚೆ, ಗುರುವಿಲ್ಲದೆ, ಪೂಜೆಯಿಲ್ಲದೆ, ಭಯದ ನಡುವೆ ವಿಶ್ವಾಸವನ್ನು ಉಳಿಸಿಕೊಂಡ ಕ್ರೈಸ್ತರಿದ್ದರು. ಅಂಥವರನ್ನು ಅರಸಿಕೊಂಡು ಹೋದ ಗುರುಗಳಿದ್ದರು. ಆ ಗುರುಗಳಲ್ಲಿ ಅಗ್ರಗಣ್ಯರು ಸಂತ ಜೋಸೆಫ್ ವಾಜ್. ನಮ್ಮ ಕರಾವಳಿಯಲ್ಲಿ ಮೂರು ವರ್ಷ ಸೇವೆ ಸಲ್ಲಿಸಿದ ಈ ಮಹನೀಯರ ಬಾಳು, ಸಂಕಟದಲ್ಲಿರುವ ವಿಶ್ವಾಸಿ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಕ್ಕೆ ಉತ್ತರವಾಗಿದೆ. ದೇವರು ನಮ್ಮನ್ನು ನಡೆಸುತ್ತಿರುವುದು ನಿಜವಾದರೆ, ಎದುರಿನ ಬಾಗಿಲು ಮುಚ್ಚುವುದೇಕೆ ಎಂಬುದೇ ಆ ಪ್ರಶ್ನೆ.

ಜೋಸೆಫ್ ವಾಜ್ ಜನಿಸಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬಾಣಾವಳಿಯಲ್ಲಿ. ತಂದೆಯ ಊರು ಸಾಂಕವಾಳ. ಭಕ್ತಿವಂತ ಕೊಂಕಣಿ ಮನೆತನದಲ್ಲಿ ಬೆಳೆದ ಅವರು 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ತಮ್ಮನ್ನು ಮಾತೆ ಮರಿಯಮ್ಮನವರ ದಾಸನನ್ನಾಗಿ ಅರ್ಪಿಸಿಕೊಂಡು ಪತ್ರ ಬರೆದು, ಅದಕ್ಕೆ ಸಹಿ ಹಾಕಿದರು. ದಾಸನಿಗೆ ಸ್ವಂತ ಇಚ್ಛೆಯಿಲ್ಲ. ಒಡೆಯನು ಕಳುಹಿಸಿದಲ್ಲಿಗೆ ಹೋಗುವುದೇ ಅವನ ಕೆಲಸ. ಆ ಪತ್ರದ ಅರ್ಥವನ್ನು ಅವರು ತಮ್ಮ ಜೀವಮಾನವಿಡೀ ಕಲಿತರು.

ಆ ಕಾಲದಲ್ಲಿ ಸಿಂಹಳ ದ್ವೀಪದ ಕಥೋಲಿಕರ ಗೋಳು ಗೋವೆಗೆ ಮುಟ್ಟಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಗೆದ್ದುಕೊಂಡು, ಗುರುಗಳನ್ನು ಹೊರಗಟ್ಟಿ, ಕಥೋಲಿಕ ಆರಾಧನೆಯನ್ನು ನಿಷೇಧಿಸಿದ್ದರು. ಅಲ್ಲಿಗೆ ಹೋಗಬೇಕೆಂಬ ಹಂಬಲ ವಾಜ್ ಸ್ವಾಮಿಗಳಲ್ಲಿ ಬೇರೂರಿತು. ಆದರೆ 1681ರಲ್ಲಿ ಮೇಲಧಿಕಾರಿಗಳು ಅವರನ್ನು ಕಳುಹಿಸಿದ್ದು ಕೆಳದಿ ಅರಸರ ಆಳ್ವಿಕೆಯಲ್ಲಿದ್ದ ಕೆನರಾ ಸೀಮೆಗೆ. ಮೊದಲ ಬಾಗಿಲು ಹೀಗೆ ಮುಚ್ಚಿತು.

ಕೆನರಾದ ಹೊಣೆ ಹಗುರವಾಗಿರಲಿಲ್ಲ. ಪೋರ್ಚುಗಲ್ ಅರಸನ ಹಕ್ಕಿನ ಮೇರೆಗೆ ಗೋವೆಯ ಅಧಿಕಾರ ಒಂದು ಕಡೆ. ರೋಮ್ ನೇರವಾಗಿ ನೇಮಿಸಿದ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರ ಅಧಿಕಾರ ಇನ್ನೊಂದು ಕಡೆ. ಇಬ್ಬಗೆಯ ಆಜ್ಞೆಗಳ ನಡುವೆ, ಯಾರಿಂದ ಪಡೆದ ಸಂಸ್ಕಾರ ಸರಿ ಎಂದು ತಿಳಿಯದೆ ಬಡ ವಿಶ್ವಾಸಿಗಳು ಕಳವಳಗೊಂಡಿದ್ದರು. ವಾಜ್ ಸ್ವಾಮಿಗಳು ವಾದಕ್ಕೆ ಎಣ್ಣೆ ಸುರಿಯಲಿಲ್ಲ. ರೋಮಿನ ತೀರ್ಪು ಬರುವವರೆಗೆ ಜನರ ಮನಸ್ಸಾಕ್ಷಿಗೆ ನೆಮ್ಮದಿ ದೊರೆಯುವ ದಾರಿಯನ್ನು ಹುಡುಕಿದರು. ಮಂಗಳೂರು, ಬಸರೂರು, ಬಾರಕೂರು, ಕಲ್ಯಾಣಪುರ, ಕುಂದಾಪುರಗಳ ಕ್ರೈಸ್ತರ ನಡುವೆ ದುಡಿದು, ಪಾಪನಿವೇದನೆ ಕೇಳಿದರು, ಬಾಲಕರಿಗೆ ಶಾಲೆಗಳನ್ನು ತೆರೆದರು, ಸೆರೆಯಾಳುಗಳ ಬಿಡುಗಡೆಗೆ ಶ್ರಮಿಸಿದರು. ಮಂಗಳೂರಿನ ಬಳಿಯ ಮುಡಿಪು ಬೆಟ್ಟದಲ್ಲಿ ಅವರ ಪ್ರಾರ್ಥನೆಗೆ ಓಗೊಟ್ಟು ನೀರಿನ ಒರತೆ ಚಿಮ್ಮಿತೆಂಬ ಪ್ರತೀತಿ ಜನರಲ್ಲಿ ಇಂದಿಗೂ ಜೀವಂತವಾಗಿದೆ. ಅಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ.

1684ರಲ್ಲಿ ಅವರು ಗೋವೆಗೆ ಮರಳಿದಾಗ ಸಿಂಹಳದ ದಾರಿ ಇನ್ನೂ ತೆರೆದಿರಲಿಲ್ಲ. ಯೂರೋಪಿನ ಸಂನ್ಯಾಸಿ ಸಭೆಗಳು ನಾಡಿನ ಗುರುಗಳನ್ನು ಸೇರಿಸಿಕೊಳ್ಳದಿದ್ದ ಕಾಲವದು. ಕೆಲವು ಗೋವೆಯ ಗುರುಗಳು ಒಂದಾಗಿ ಪ್ರಾರ್ಥನಾಜೀವನವನ್ನು ನಡೆಸುತ್ತಿದ್ದರು. ವಾಜ್ ಸ್ವಾಮಿಗಳು ಅವರ ಜೊತೆಗೂಡಿದರು. 1685ರಲ್ಲಿ ಆ ಕೂಟವು ಸಂತ ಫಿಲಿಪ್ ನೇರಿಯವರ ಒರಟೋರಿಯೊ ಸಭೆಯ ರೂಪ ತಾಳಿತು. ಅಂದು ಯಾರೂ ಊಹಿಸದಿದ್ದ ಸಂಗತಿ ಒಂದಿತ್ತು: ಮುಂದೆ ಸುಮಾರು ಒಂದೂವರೆ ಶತಮಾನ ಸಿಂಹಳಕ್ಕೆ ಗುರುಗಳನ್ನು ಕಳುಹಿಸಿಕೊಡಲಿದ್ದುದು ಇದೇ ಸಭೆ. 1681ರಲ್ಲೇ ಅವರು ಒಬ್ಬಂಟಿಯಾಗಿ ದ್ವೀಪಕ್ಕೆ ಹೋಗಿದ್ದರೆ, ಅವರ ಕಾಲಾನಂತರ ಆ ಕಾರ್ಯವನ್ನು ಮುಂದುವರಿಸುವವರು ಯಾರಿರುತ್ತಿದ್ದರು? ಮುಚ್ಚಿದ ಬಾಗಿಲಿನ ಮರ್ಮ ನಾಲ್ಕು ವರ್ಷಗಳ ನಂತರ ತೋರಿಬಂತು.

1686ರಲ್ಲಿ ಅವರು ಗೋವೆಯಿಂದ ಹೊರಟರು. ಜೊತೆಗಿದ್ದ ಸೇವಕ ಜಾನ್ ಕೊನೆಯವರೆಗೂ ನಿಷ್ಠೆಯಿಂದ ನಡೆದುಕೊಂಡನು. ತೂತ್ತುಕುಡಿಯಿಂದ ಹಡಗೇರಿ, 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಜಾಫ್ನಾ ಸೇರಿದಾಗ ಆಮಶಂಕೆಯಿಂದ ಅವರ ದೇಹ ಸೋತಿತ್ತು. ಪರದೇಶ, ಕೈಯಲ್ಲಿ ಕಾಸಿಲ್ಲ, ಗುರುವೆಂದು ಗೊತ್ತಾದರೆ ಸೆರೆ. ಚೇತರಿಸಿಕೊಂಡ ಮೇಲೆ ಕೊರಳಲ್ಲಿ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರವನ್ನು ಕಂಡು ಯಾರ ಕಣ್ಣು ಅರಳುವುದೋ ಅವರು ಗುಟ್ಟಿನ ಕಥೋಲಿಕರೆಂದು ಅರಿತರು. ಹೀಗೆ ಚದುರಿದ ಮಂದೆ ಒಂದೊಂದಾಗಿ ಕೂಡಿತು. ಪೂಜೆ ನಡೆಯುತ್ತಿದ್ದುದು ರಾತ್ರಿಯ ಮರೆಯಲ್ಲಿ, ನಂಬಿಗಸ್ತರ ಮನೆಗಳಲ್ಲಿ.

ಡಚ್ಚರ ಹುಡುಕಾಟ ಬಿಗಿಯಾದಾಗ ಅವರು ಪುತ್ತಳಂ ಕಡೆಗೆ ಸರಿದು, 1692ರಲ್ಲಿ ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರಿಯನು ಆಳುತ್ತಿದ್ದ ಕ್ಯಾಂಡಿಗೆ ಬಂದರು. ಅಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಆರೋಪ ಹೊತ್ತು ಬಂದಿಯಾದರು. ಸುವಾರ್ತೆ ಸಾರಲು ಬಂದವನಿಗೆ ಸೆರೆಮನೆಗಿಂತ ದೊಡ್ಡ ಸೋಲು ಉಂಟೇ? ಆದರೆ ಆ ಬಿಡುವನ್ನೇ ಅವರು ಸಿಂಹಳ ಭಾಷೆಯ ಅಧ್ಯಯನಕ್ಕೆ ಬಳಸಿದರು. ಕಾವಲು ಸಡಿಲವಾದಂತೆ ಅಲ್ಲೇ ಪುಟ್ಟ ಪ್ರಾರ್ಥನಾಲಯವೊಂದು ಎದ್ದು, ನಗರದ ಕ್ರೈಸ್ತರು ಬರತೊಡಗಿದರು. ಬರಗಾಲದಲ್ಲಿ ಅವರು ಪೀಠವಿಟ್ಟು ಪ್ರಾರ್ಥಿಸಿದಾಗ ಮಳೆ ಸುರಿಯಿತೆಂದೂ, ಅಂದಿನಿಂದ ಅರಸನ ಮನ್ನಣೆ ಹೆಚ್ಚಿತೆಂದೂ ಪರಂಪರೆ ಹೇಳುತ್ತದೆ.

ಮನ್ನಣೆಯ ನಿಜವಾದ ಪರೀಕ್ಷೆ ಬಂದದ್ದು 1697ರಲ್ಲಿ, ಸಿಡುಬಿನ ಮಾರಿಯೊಡನೆ. ಅರಸನೂ ಸಿರಿವಂತರೂ ನಗರವನ್ನು ತೊರೆದರು. ಮನೆಯವರೇ ರೋಗಿಗಳನ್ನು ಕಾಡಿಗಟ್ಟಿದರು. ಸುಮಾರು ಹತ್ತು ವರ್ಷ ಏಕಾಕಿಯಾಗಿದ್ದ ವಾಜ್ ಸ್ವಾಮಿಗಳಿಗೆ ಆಗತಾನೆ ಒರಟೋರಿಯೊ ಸಭೆಯಿಂದ ನೆರವು ಬಂದಿತ್ತು. ಅವರೂ ಜೋಸೆಫ್ ಕಾರ್ವಾಲ್ಯೊ ಸ್ವಾಮಿಗಳೂ ಬೌದ್ಧ, ಕ್ರೈಸ್ತ ಎಂಬ ಭೇದವೆಣಿಸದೆ ರೋಗಿಗಳ ಹುಣ್ಣು ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನು ಮಣ್ಣು ಮಾಡಿದರು. ಹಿಂದಿರುಗಿದ ಅರಸನು ಆ ಸೇವೆಯನ್ನು ಕಂಡು, ಅವರ ಕಾರ್ಯಕ್ಕೆ ತನ್ನ ರಾಜ್ಯದಲ್ಲಿ ರಕ್ಷಣೆಯಿತ್ತನು.

ಬಿಷಪ್ ಪದವಿಯ ಸೂಚನೆ ಬಂದಾಗ ಅವರು ವಿನಯದಿಂದ ನಿರಾಕರಿಸಿದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಸ್ವಾಮಿಗಳು ಸಿಂಹಳ ಮತ್ತು ತಮಿಳಿನಲ್ಲಿ ಗ್ರಂಥಗಳನ್ನು ರಚಿಸಿ ಆ ಸೇವೆಯನ್ನು ಬೆಳೆಸಿದರು. ಬಳಲಿ ಬೆಂಡಾದ ವಾಜ್ ಸ್ವಾಮಿಗಳು 1711ರ ಜನವರಿ 16ರಂದು, ಅರವತ್ತು ತುಂಬುವ ಮುನ್ನವೇ, ಕ್ಯಾಂಡಿಯಲ್ಲಿ ಪ್ರಭುವಿನಲ್ಲಿ ಐಕ್ಯರಾದರು. ಅವರ ಸಮಾಧಿಯ ನೆಲೆ ಕಾಲಾಂತರದಲ್ಲಿ ಮರೆಯಾಯಿತು. ಉಳಿದದ್ದು ಅವರು ಕಟ್ಟಿದ ಧರ್ಮಸಭೆ. 1995ರ ಜನವರಿ 21ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಸಂತರೆಂದೂ ಕೊಲಂಬೊದಲ್ಲೇ ಘೋಷಿಸಿದರು.

ಪ್ರಿಯ ಭಕ್ತಬಾಂಧವರೇ, ದೇವರು ಈ ಸಂತರಿಗೆ ಇಡೀ ದಾರಿಯನ್ನು ಮುಂಚಿತವಾಗಿ ತೋರಿಸಲಿಲ್ಲ. ಮುಂದಿನ ಒಂದು ಹೆಜ್ಜೆಗೆ ಬೇಕಾದಷ್ಟೇ ಬೆಳಕನ್ನು ಕೊಟ್ಟನು. ಅವರು ಆ ಹೆಜ್ಜೆಯನ್ನಿಟ್ಟರು. ಕೆನರಾಕ್ಕೆ ಕಳುಹಿಸಿದಾಗ ಕೆನರಾದ ಕೆಲಸ, ಸೆರೆಯಲ್ಲಿಟ್ಟಾಗ ಸೆರೆಯ ಕೆಲಸ, ರೋಗ ಬಂದಾಗ ರೋಗಿಗಳ ಕೆಲಸ. ದೈವಭರವಸೆಯೆಂದರೆ ಕೈಕಟ್ಟಿ ಕೂರುವುದೆಂದು ತಿಳಿಯುವವರಿಗೆ ಅವರ ಬಾಳು ತಿದ್ದುಪಡಿಯಾಗಿದೆ. ನಮ್ಮ ಧರ್ಮಕೇಂದ್ರದಲ್ಲಿಯೂ ಕಾಯಿಲೆಯ ಹಾಸಿಗೆಯ ಬಳಿ ಕುಳಿತ ತಾಯಂದಿರಿದ್ದಾರೆ, ಮಳೆ ಕೈಕೊಟ್ಟ ರೈತರಿದ್ದಾರೆ, ಕೆಲಸ ಸಿಗದ ಯುವಕರಿದ್ದಾರೆ. ಅವರೆಲ್ಲರೂ ಎದುರಿನ ಮುಚ್ಚಿದ ಬಾಗಿಲನ್ನಷ್ಟೇ ನೋಡದೆ, ಇಂದು ತಮ್ಮ ಕೈಗೆ ದೇವರು ಇತ್ತಿರುವ ಕೆಲಸವನ್ನು ಪ್ರಾರ್ಥನೆಯೊಡನೆ ಮಾಡಲಿ. ಶತಮಾನೋತ್ಸವದ ಈ ಪುಣ್ಯಕಾಲದಲ್ಲಿ ಸಂತ ಜೋಸೆಫ್ ವಾಜರ ಬಿನ್ನಹದಿಂದ ನಮಗೆಲ್ಲ ಆ ಭರವಸೆ ಲಭಿಸಲಿ ಎಂದು ಪ್ರಭುವನ್ನು ಬೇಡೋಣ.