ಬೆಂಜಮಿನ್ ಫ್ರಾಂಕ್ಲಿನ್ ಗಡಿಯಾರ ಬದಲಿಸಲು ಹೇಳಿದ್ದರೇ? ಸೌದೆ, ಮೇಣದಬತ್ತಿಗಳ ಲೆಕ್ಕ ಇಟ್ಟ ವಿಜ್ಞಾನಿಯ ಕಥೆ

ಅಮೆರಿಕ, ಯುರೋಪಿನ ಹಲವು ಕಡೆ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ. ಹಗಲಿನ ಬೆಳಕು ಬಳಸಿ ವಿದ್ಯುತ್ ಉಳಿಸುವ ಈ ಉಪಾಯ ಬೆಂಜಮಿನ್ ಫ್ರಾಂಕ್ಲಿನ್ ಅವರದ್ದು ಎಂಬ ಮಾತು ತುಂಬ ಕಾಲದಿಂದ ಹರಿದಾಡುತ್ತಿದೆ. ಇದು ನಿಜವೇ? ಅಲ್ಲ. ಆದರೆ ಉಳಿತಾಯದ ಬಗ್ಗೆ ಅವರು ನಿಜವಾಗಿ ಮಾಡಿದ ಕೆಲಸ ಈ ಕಥೆಗಿಂತ ಉಪಯುಕ್ತವಾಗಿದೆ.

ಬತ್ತಿ ಮಾಡುವವರ ಮಗ

ಫ್ರಾಂಕ್ಲಿನ್ ಹುಟ್ಟಿದ್ದು 1706ರಲ್ಲಿ, ಬಾಸ್ಟನ್‌ನಲ್ಲಿ. ತಂದೆ ಮೇಣದಬತ್ತಿ, ಸೋಪು ತಯಾರಿಸುತ್ತಿದ್ದರು. 10ನೇ ವಯಸ್ಸಿಗೇ ಶಾಲೆ ಬಿಟ್ಟ ಹುಡುಗ ಅಂಗಡಿಯಲ್ಲಿ ಬತ್ತಿ ಕತ್ತರಿಸಿದ. 12ಕ್ಕೆ ಅಣ್ಣನ ಮುದ್ರಣಾಲಯ ಸೇರಿದ. ಸುಮಾರು 16ರಲ್ಲಿ ಮಾಂಸ ಬಿಟ್ಟು, ಊಟದ ಖರ್ಚಿನಲ್ಲಿ ಉಳಿದ ಹಣದಿಂದ ಪುಸ್ತಕ ಕೊಂಡ. ಮುಂದೆ ಮತ್ತೆ ಮೀನು ತಿನ್ನಲು ಶುರು ಮಾಡಿದ್ದೂ ನಿಜ! 1723ರಲ್ಲಿ ಮನೆ ಬಿಟ್ಟು ಫಿಲಡೆಲ್ಫಿಯಾ ಸೇರಿದ ಮೇಲೆ ದೊಡ್ಡ ಮುದ್ರಕರಾಗಿ ಬೆಳೆದರು.

ಕಾಲು ಭಾಗ ಸೌದೆಯ ಒಲೆ

ಆ ಹೊತ್ತಿಗೆ ಅಲ್ಲಿನ ಪಟ್ಟಣಗಳ ಸುತ್ತ ಕಾಡು ಕರಗುತ್ತಿತ್ತು. ಹಿಂದೆ ಮನೆ ಬಾಗಿಲಲ್ಲೇ ಸಿಗುತ್ತಿದ್ದ ಸೌದೆಯನ್ನು ಕೆಲವು ಊರುಗಳಿಗೆ ಸುಮಾರು 100 ಮೈಲಿ ದೂರದಿಂದ ತರಬೇಕಿತ್ತು. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಉರಿಸಿದ ಬೆಂಕಿಯ ಶಾಖವೋ, ಬಹುಪಾಲು ಚಿಮಣಿಯಲ್ಲೇ ಹೊರಟುಹೋಗುತ್ತಿತ್ತು.

ಫ್ರಾಂಕ್ಲಿನ್ 1740ರ ದಶಕದ ಆರಂಭದಲ್ಲಿ ಕಬ್ಬಿಣದ ಒಲೆಯೊಂದನ್ನು ರೂಪಿಸಿದರು. ಬಿಸಿ ಹೊಗೆ ನೇರವಾಗಿ ಮೇಲೇರದೆ ಸುತ್ತಿ ಬಳಸಿ ಹೋಗುವಾಗ ಶಾಖ ಕೋಣೆಗೇ ಸಿಗುತ್ತಿತ್ತು. ಕಾಲು ಭಾಗ ಸೌದೆಯಲ್ಲಿ ತಮ್ಮ ಕೋಣೆ ಮೊದಲಿನ ಎರಡರಷ್ಟು ಬೆಚ್ಚಗಾಗುತ್ತದೆ ಎಂದು 1744ರಲ್ಲಿ ಬರೆದರು. ಗವರ್ನರ್ ಪೇಟೆಂಟ್ ಕೊಡಲು ಮುಂದೆ ಬಂದರೂ ಬೇಡ ಎಂದರು.

ಆದರೆ ಒಲೆಗೆ ಒಂದು ತೊಂದರೆ ಇತ್ತು. ಬೆಂಕಿ ಸ್ವಲ್ಪ ಕುಗ್ಗಿದರೂ ಹೊಗೆ ಕೋಣೆಗೆ ನುಗ್ಗುತ್ತಿತ್ತು. ಹಾಗಾಗಿ ಮೂಲ ವಿನ್ಯಾಸ ಹೆಚ್ಚು ಮಾರಾಟವಾಗಲಿಲ್ಲ. ಬೇರೆಯವರು ತಿದ್ದಿದ ಮೇಲೆ ಅದೇ ಬಗೆಯ ಒಲೆಗಳು ಹರಡಿದವು.

ಹಾಗಾದರೆ ಗಡಿಯಾರದ ಕಥೆ ಎಲ್ಲಿಂದ ಬಂತು?

1784ರಲ್ಲಿ ಅಮೆರಿಕದ ರಾಯಭಾರಿಯಾಗಿ ಪ್ಯಾರಿಸ್‌ನಲ್ಲಿದ್ದಾಗ ಅವರು ಪತ್ರಿಕೆಯೊಂದಕ್ಕೆ ತಮಾಷೆಯ ಪತ್ರ ಬರೆದರು. 1 ಲಕ್ಷ ಕುಟುಂಬಗಳು ತಡವಾಗಿ ಏಳುವ ಬದಲು ಬೇಗ ಎದ್ದರೆ ಆರು ತಿಂಗಳಲ್ಲಿ 6.4 ಕೋಟಿ ಪೌಂಡ್ ಮೇಣ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಜನರನ್ನು ಎಬ್ಬಿಸಲು ಬೀದಿ ಬೀದಿಯಲ್ಲಿ ಫಿರಂಗಿ ಹಾರಿಸಬೇಕಂತೆ! ಗಡಿಯಾರ ತಿರುಗಿಸುವ ಮಾತೇ ಅದರಲ್ಲಿಲ್ಲ. ಆ ಸಲಹೆ ಬಂದದ್ದು 1895ರಲ್ಲಿ, ನ್ಯೂಜಿಲೆಂಡ್‌ನ ಜಾರ್ಜ್ ಹಡ್ಸನ್ ಅವರಿಂದ. ಫ್ರಾಂಕ್ಲಿನ್ 1790ರಲ್ಲೇ ತೀರಿಕೊಂಡಿದ್ದರು.

ನಮಗೇನು ಪಾಠ?

ಫ್ರಾಂಕ್ಲಿನ್‌ಗೆ ಹವಾಮಾನ ಬದಲಾವಣೆಯ ಚಿಂತೆ ಇರಲಿಲ್ಲ. ಸೌದೆ ಕಡಿಮೆಯಾಗುತ್ತಿದೆ, ದುಬಾರಿಯಾಗುತ್ತಿದೆ ಎಂಬುದಷ್ಟೇ ಕಾರಣ. ಆದರೆ ಎಲ್ಲಿ ಹೆಚ್ಚು ಪೋಲಾಗುತ್ತಿದೆ ಎಂದು ಮೊದಲು ನೋಡುವ ಅವರ ಕ್ರಮ ಇಂದಿಗೂ ಸರಿ. ಭಾರತದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದ ಬರುತ್ತದೆ. ಹಾಗಾಗಿ ಉಳಿಸಿದ ಪ್ರತಿ ಯೂನಿಟ್‌ನಿಂದ ಹೊಗೆಯೂ ಕಡಿಮೆಯಾಗುತ್ತದೆ.

ಚಾರ್ಜರ್ ಪ್ಲಗ್ ತೆಗೆಯಿರಿ, ಭೂಮಿ ಉಳಿಸಿ ಎಂದು ನಾವೆಲ್ಲ ಫಾರ್ವರ್ಡ್ ಮಾಡುತ್ತೇವೆ. ತೆಗೆಯುವುದು ಒಳ್ಳೆಯದೇ. ಆದರೆ ಫೋನ್ ಸಿಕ್ಕಿಸದ ಚಾರ್ಜರ್ ಅರ್ಧ ವ್ಯಾಟ್ ಎಳೆದರೆ, 1 ಯೂನಿಟ್ ಆಗಲು 80ಕ್ಕೂ ಹೆಚ್ಚು ದಿನ ಬೇಕು. ಒಂದೂವರೆ ಟನ್ ಎಸಿ ಹೆಚ್ಚುಕಡಿಮೆ ಒಂದು ಗಂಟೆಯಲ್ಲೇ ಅಷ್ಟು ಬಳಸುತ್ತದೆ. 60 ವ್ಯಾಟ್‌ನ ಹಳೆಯ ಬಲ್ಬಿನಷ್ಟು ಬೆಳಕನ್ನು ಸುಮಾರು 9 ವ್ಯಾಟ್‌ನ ಎಲ್‌ಇಡಿ ಕೊಡುತ್ತದೆ. ಎಸಿ, ಗೀಸರ್, ಹಳೆಯ ಫ್ರಿಜ್, ದಿನದ ಓಡಾಟದ ಪೆಟ್ರೋಲ್: ಮೊದಲು ಇವುಗಳ ಲೆಕ್ಕ ನೋಡೋಣ.

ಸಾರಾಂಶ: ಗಡಿಯಾರ ಮುಂದಿಡುವ ಸಲಹೆ ಫ್ರಾಂಕ್ಲಿನ್ ಅವರದ್ದಲ್ಲ. ಪೋಲು ಎಲ್ಲಿದೆ ಎಂದು ಲೆಕ್ಕ ಹಾಕಿ, ಅಲ್ಲೇ ಕೈ ಹಾಕಿದ್ದು ಅವರ ನಿಜವಾದ ಸಾಧನೆ. ಮುಂದಿನ ಕರೆಂಟ್ ಬಿಲ್ ಬಂದಾಗ ಯೂನಿಟ್ ಸಂಖ್ಯೆಯಿಂದ ನಾವೂ ಶುರು ಮಾಡಬಹುದು.